ಛತ್ರದವನ ಬೊಂಬೆ

ರಾಬರ್ಟ್‌ಸನ್‌ಪೇಟೆಯಲ್ಲಿ ನಾವಿರುವುದು ಹಳೆಯ ಹೆಂಚಿನ ಮನೆ. ಹಜಾರದಲ್ಲೊಂದು ಫೈರ್‌ಪ್ಲೇಸ್ ಇದೆ. ಚಿನ್ನದ ಗಣಿಯ ದೊರೆಗಳ ಬಂಗಲೆ ನೋಡಿ ಯಾರೋ ಆಸೆಪಟ್ಟು ಕಟ್ಟಿಸಿದ್ದಿರಬೇಕು. ನಾವು ಅದರಲ್ಲಿ ಒಮ್ಮೆಯೂ ಬೆಂಕಿ ಹಾಕಿಲ್ಲ. ಡಿಸೆಂಬರ್ ಬಂದರೆ ಮಾತ್ರ ಅದರ ಮೇಲಿನ ಕಲ್ಲುಹಲಗೆಗೆ ಕಳೆ ಬರುತ್ತದೆ. ನನ್ನ ಹೆಂಡತಿ ಅಲ್ಲಿ ಮೂರು ಗೋದಲಿಗಳನ್ನು ಜೋಡಿಸುತ್ತಾಳೆ. ಒಂದು ಅತ್ತೆ ಕೊಟ್ಟ ಪ್ಲಾಸ್ಟರಿನದು, ಅದರಲ್ಲೊಂದು ಕುರಿಗೆ ಕಿವಿಯಿಲ್ಲ. ಇನ್ನೊಂದು ಮರದ್ದು, ಮತ್ತೊಂದು ಗಾಜಿನದು. ಹಿಂದೆ ಕಾಗದ ಮುದುರಿ ಮಾಡಿದ ಬೆಟ್ಟ. ಅವಳ ಪಾಲಿಗೆ ಅದು ಬೆತ್ಲೆಹೇಮ್. ನನಗೆ ಮಾತ್ರ ನಮ್ಮೂರಿನ ಸೈನೈಡ್ ದಿಬ್ಬದ ಹಾಗೆಯೇ ಕಾಣುತ್ತದೆ.

ಅಪ್ಪನಿಗೆ ಈ ಏರ್ಪಾಟು ಸೇರದು. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿ ಇಳಿದು ದುಡಿದವರು, ಹುಟ್ಟಿದ್ದು ಲೈನಿನ ಬಿದಿರುತಟ್ಟಿ ಮನೆಯಲ್ಲಿ. "ಕುಡಿಲ್ ಅಂದ್ರೆ ಗುಡಿಸಲು ಕಣಪ್ಪಾ. ಗುಡಿಸಲನ್ನ ಯಾರಾದ್ರೂ ಅಟ್ಟದ ಮೇಲೆ ಕಟ್ತಾರಾ?" ಎನ್ನುತ್ತಾರೆ. ನಮ್ಮೂರಲ್ಲಿ ತಮಿಳಿನ ಆ ಮಾತೇ ಹೆಚ್ಚು ಬಳಕೆ. ಕನ್ನಡದ ಗೋದಲಿ ಇನ್ನೂ ಕೆಳಗಿನದು, ದನಕ್ಕೆ ಮೇವು ಹಾಕುವ ತೊಟ್ಟಿ.

1223ರ ಕ್ರಿಸ್‌ಮಸ್ಸಿಗೆ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ಹಾಸಿ, ಜೀವಂತ ಎತ್ತು ಕತ್ತೆಗಳನ್ನು ತರಿಸಿ ನಿಲ್ಲಿಸಿದರು. ಆ ಕೂಸು ಪಟ್ಟ ಪಾಡನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆ. ನಾವು ಪಾಡನ್ನು ಬಿಟ್ಟು ಅಂದವನ್ನಷ್ಟೇ ಇಟ್ಟುಕೊಂಡೆವು ಎಂಬುದು ಅಪ್ಪನ ತಕರಾರು. ನಾನು ಒಪ್ಪುತ್ತಿರಲಿಲ್ಲ. ಅಂದವಿದ್ದರೆ ತಾನೇ ಮಕ್ಕಳು ಹತ್ತಿರ ಬರುವುದು?

ಹೋದ ವರ್ಷ ಡಿಸೆಂಬರಿನಲ್ಲಿ ಒಬ್ಬಾಕೆ ಕೈಗೂಸು ಎತ್ತಿಕೊಂಡು ಬಂದಳು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಲೈನುಗಳ ಎಷ್ಟೋ ಮನೆಗಳು ರಿಪೇರಿ ಕಾಣದೆ ಕೂತಿವೆ. ಅವಳ ಮನೆಯ ಸೂರು ಕುಸಿದಿತ್ತು. ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಬರುವುದು ರಾತ್ರಿಗೆ. "ಅಣ್ಣಾ, ಹಿಂದಿನ ರೂಮು ಒಂದೆರಡು ತಿಂಗಳಿಗೆ ಸಿಗುತ್ತಾ? ಬಾಡಿಗೆ ಕೊಡ್ತೀವಿ" ಎಂದಳು. ರೂಮಿನ ತುಂಬ ಸಾಮಾನಿತ್ತು, ಗೋದಲಿಯ ಖಾಲಿ ಡಬ್ಬಗಳೂ ಸೇರಿ. "ಜಾಗ ಇಲ್ಲಮ್ಮ. ಹಬ್ಬ ಮುಗೀಲಿ, ನೋಡೋಣ" ಅಂದೆ. ಅವಳು ಮತ್ತೆ ಬರಲಿಲ್ಲ.

ನಾನು ಸುಳ್ಳು ಹೇಳಿರಲಿಲ್ಲ. ನನ್ನನ್ನು ಕಾಡುವುದು ಅದೇ. ಸುಳ್ಳಾಗಿದ್ದರೆ ತಪ್ಪೊಪ್ಪಿಗೆಯಲ್ಲಿ ಹೇಳಿ ಮುಗಿಸಬಹುದಿತ್ತು.

ಆ ರಾತ್ರಿ ಲೂಕನ ಶುಭಸಂದೇಶ ತೆಗೆದು ನೋಡಿದೆ. ಛತ್ರದಲ್ಲಿ ಜಾಗವಿರಲಿಲ್ಲ ಎಂದಷ್ಟೇ ಇದೆ. ಬಾಗಿಲು ಹಾಕಿಕೊಂಡ ಛತ್ರದವನ ಸುದ್ದಿಯೇ ಇಲ್ಲ! ಅವನು ನಾಟಕದವರ ಸೃಷ್ಟಿ. ಚಿಕ್ಕಂದಿನಲ್ಲಿ ನಾನೇ ಆ ಪಾತ್ರ ಮಾಡಿದ್ದೆ, ಲಾಟೀನು ಹಿಡಿದು ಗದರುತ್ತಿದ್ದೆ. ಒಬ್ಬ ಕೆಟ್ಟವನಿದ್ದರೆ ನಮಗೆ ಸಲೀಸು. ಆದರೆ ಗ್ರಂಥದ ಪ್ರಕಾರ ಅಲ್ಲಿ ಕೆಟ್ಟವರಿರಲಿಲ್ಲ, ಊರು ತುಂಬಿತ್ತು, ಅಷ್ಟೆ. ಎಲ್ಲರಿಗೂ ನನ್ನ ಹಾಗೆ ನಿಜವಾದ ಕಾರಣಗಳಿದ್ದವೇನೋ. ಸಾಮಾನು ಎತ್ತಿಡಲು ಅರ್ಧ ದಿನ ಸಾಕಿತ್ತು ಎಂಬುದು ಆ ಕಾರಣದೊಳಗೆ ಸೇರುವುದಿಲ್ಲ.

ಹಲಗೆಯ ಮೇಲಿನ ಮೂರು ಗೋದಲಿಗಳಲ್ಲೂ ಹುಡುಕಿದೆ. ಕುರುಬರಿದ್ದಾರೆ, ಒಂಟೆಯಿದೆ. ಛತ್ರದವನ ಬೊಂಬೆ ಎಲ್ಲೂ ಇಲ್ಲ.

ಈ ವರ್ಷ ಅಪ್ಪ ಪ್ಲಾಸ್ಟರಿನ ಗೋದಲಿಯನ್ನು ತಾವೇ ಇಳಿಸಿ, ತಣ್ಣಗಿರುವ ಫೈರ್‌ಪ್ಲೇಸಿನೊಳಗೆ ನೆಲದ ಮೇಲೆ ಇಟ್ಟಿದ್ದಾರೆ. ಬಲ್ಬು ಹಾಕಲು ಮಂಡಿಯೂರಬೇಕು. ಹೆಂಡತಿ ಗೊಣಗಿದಳು, ಆಮೇಲೆ ಸುಮ್ಮನಾದಳು. ನಿನ್ನೆ ಅಪ್ಪ ಹಿಂದಿನ ರೂಮಿನ ಬೀಗದಕೈ ಕೇಳಿದರು. ಹುಡುಕಿ ಕೊಡುತ್ತೇನೆ ಅಂದಿದ್ದೇನೆ. ಅದು ನನ್ನ ಜೇಬಿನಲ್ಲೇ ಇದೆ.