ಮಾರಾಟದಲ್ಲಿ ಮೌನ

ಸತ್ಯವೆಂದರೆ ಸುಳ್ಳಾಡದಿರುವುದು ಎಂದಷ್ಟೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಒಂದು ಸುಳ್ಳನ್ನೂ ನುಡಿಯದೆ ಮತ್ತೊಬ್ಬನನ್ನು ವಂಚಿಸುವುದು ವ್ಯವಹಾರದಲ್ಲಿ ಸಾಧ್ಯವಿದೆ. ಇಂದಿನ ನಗರಜೀವನದ ಒಂದು ನಿದರ್ಶನದಿಂದ ಇದನ್ನು ವಿಚಾರಿಸೋಣ.

ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಮೊದಲಾದೆಡೆಗಳಲ್ಲಿ ಕಾರು ಓಟದ ಸ್ಪರ್ಧೆಗಳು ನಡೆಯುತ್ತವೆ. ಈ ಹವ್ಯಾಸದ ತರುಣನೊಬ್ಬ ತನ್ನ ಕಾರಿಗೆ ಟರ್ಬೊ ಅಳವಡಿಸಿ, ಬಹಳಷ್ಟು ಮಾರ್ಪಡಿಸಿ, ಈಗ ಮಾರಬಯಸುತ್ತಾನೆ ಎನ್ನೋಣ. ಟರ್ಬೊ ಎಂಬುದು ಎಂಜಿನ್ ಹೊರಬಿಡುವ ಹೊಗೆಯ ರಭಸದಿಂದಲೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಅದು ನಿಮಿಷಕ್ಕೆ 1 ಲಕ್ಷಕ್ಕೂ ಮಿಕ್ಕಿ ಸುತ್ತುವುದುಂಟು. ಒತ್ತಡ ಹೆಚ್ಚಿದಂತೆ ಶಕ್ತಿ ಹೆಚ್ಚುತ್ತದೆ. ಜೊತೆಗೆ ತಾಪವೂ ಪಿಸ್ಟನ್ನಿನ ಮೇಲಿನ ಆಘಾತವೂ ಹೆಚ್ಚುತ್ತವೆ. ಈ ಕಾರಿನ ಎಂಜಿನ್ ಒಮ್ಮೆ ಅತಿಯಾಗಿ ಕಾದಿತ್ತು. ಅಪಘಾತದಲ್ಲಿ ಬಾಗಿದ ಚೌಕಟ್ಟನ್ನು ನೇರಗೊಳಿಸಲಾಗಿತ್ತು. ಹೊಸ ಬಣ್ಣ ಎಲ್ಲವನ್ನೂ ಮುಚ್ಚಿದೆ. ಕೊಳ್ಳುವವನು ಕೇಳಲಿಲ್ಲ. ಮಾರುವವನು ಹೇಳಬೇಕೇ?

1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ಕುದುರೆಯೊಂದರ ದೃಷ್ಟಾಂತವನ್ನು ಕೊಡುತ್ತದೆ. ರೋಗಗ್ರಸ್ತ ಕುದುರೆಯನ್ನು ದೋಷ ತಿಳಿಸದೆ ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಸ್ವಂತ ಮಗಳಾದರೆ, ಹೇಳುವುದು ಕರ್ತವ್ಯವಾಗುತ್ತದೆ. ಕಾನೂನಿನ ಈ ಭೇದ ವಿಚಾರಾರ್ಹವಾದುದು. ಮಗಳಿಗೆ ಹೇಳಲೇಬೇಕಾದ ಮಾತನ್ನು ಅನ್ಯನಿಗೆ ಬಚ್ಚಿಡಬಹುದೆಂದು ಕಾನೂನು ಒಪ್ಪಬಹುದು. ಇಬ್ಬರಲ್ಲಿಯೂ ಒಬ್ಬನೇ ಅಂತರ್ಯಾಮಿಯನ್ನು ಕಾಣಬೇಕಾದ ನಾವು ಒಪ್ಪಬಹುದೇ?

ಪ್ರತ್ಯಕ್ಷ, ಅನುಮಾನ, ಆಗಮ ಎಂದು ಶ್ರೀಮದಾಚಾರ್ಯರು ಮೂರು ಪ್ರಮಾಣಗಳನ್ನು ಅಂಗೀಕರಿಸಿದ್ದಾರೆ. ವಸ್ತು ಇರುವಂತೆಯೇ ತಿಳಿಸುವುದೇ ಪ್ರಮಾಣ. ಈ ಕ್ರಮವನ್ನು ಲೌಕಿಕದಲ್ಲಿಯೂ ನೋಡಬಹುದು. ಬಣ್ಣ ಪ್ರತ್ಯಕ್ಷಕ್ಕೆ ಗೋಚರ. ಶಬ್ದದಿಂದ ಎಂಜಿನ್ನಿನ ಸ್ಥಿತಿಯನ್ನು ಕೊಂಚ ಊಹಿಸಬಹುದು. ಹಿಂದೆ ನಡೆದುದನ್ನು ತಿಳಿಯಲು ಮಾತ್ರ ಬಲ್ಲವನ ಮಾತೇ ಗತಿ. ಇಲ್ಲಿ ಬಲ್ಲವನು ಮಾರುವವನೊಬ್ಬನೇ. ಅವನು ಮೌನವಾದರೆ, ಕೊಳ್ಳುವವನಿಗಿದ್ದ ಒಂದೇ ದಾರಿಯೂ ಮುಚ್ಚಿಹೋಗುತ್ತದೆ. ಆ ಅಜ್ಞಾನದಲ್ಲಿ ಅವನು ಪಣವಿಡುವುದು ಹಣವನ್ನಷ್ಟೇ ಅಲ್ಲ, ಪ್ರಾಣವನ್ನು.

‘ಓಟಗಾರನಿಗೆ ಅಪಾಯ ತಿಳಿದೇ ಇರುತ್ತದೆ’ ಎಂಬ ಆಕ್ಷೇಪವುಂಟು. ಓಟದ ಅಪಾಯ ಅವನಿಗೆ ತಿಳಿದಿದೆ, ನಿಜ. ಈ ಚೌಕಟ್ಟಿನ ಅಪಾಯ ತಿಳಿದಿಲ್ಲ. ‘ಹೇಳಿದರೆ ಬೆಲೆ ಇಳಿಯುತ್ತದೆ’ ಎಂಬುದು ಇನ್ನೊಂದು ಆಕ್ಷೇಪ. ಸಾಲ ಮಾಡಿ ಕಾರು ಕಟ್ಟಿದವನಿಗೆ ಈ ನಷ್ಟ ಸಣ್ಣದಲ್ಲ. ಆದರೆ ಕೊಳ್ಳುವವನ ಅಜ್ಞಾನದಿಂದ ಏರಿದ ಬೆಲೆ ನ್ಯಾಯವಾಗಿ ನಮ್ಮದಾಗಿರಲೇ ಇಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ತಪಸ್ವಿ ಜಾಜಲಿಗೆ ಧರ್ಮವನ್ನು ಬೋಧಿಸಿದವನು ವಾರಾಣಸಿಯ ವ್ಯಾಪಾರಿ ತುಲಾಧಾರ. ಅವನ ತಕ್ಕಡಿ ಎಲ್ಲರಿಗೂ ಸಮನಾಗಿತ್ತು. ಅದೇ ಅವನ ತಪಸ್ಸಾಗಿತ್ತು.

ಆದ್ದರಿಂದ ಮಾರುವವನು ಏನೇನು ಬದಲಾಯಿತು, ಏನು ಒಡೆಯಿತು, ಏನನ್ನು ದುರಸ್ತಿ ಮಾಡಲಾಯಿತು ಎಂಬುದನ್ನು ಬರೆದುಕೊಡಲಿ. ತಿಳಿಯದುದನ್ನು ತಿಳಿಯದೆಂದೇ ಹೇಳಲಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇಂತಹ ಮಾರ್ಪಾಟುಗಳನ್ನು ನಿರ್ಬಂಧಿಸುವುದರಿಂದ, ಈ ವಾಹನ ಓಟದ ಪಥಕ್ಕೆ ಮಾತ್ರ, ರಸ್ತೆಗಲ್ಲ ಎಂಬುದನ್ನೂ ಸ್ಪಷ್ಟಪಡಿಸಲಿ.

ಏಕಾದಶಿಯ ಉಪವಾಸದಷ್ಟೇ ಶ್ರದ್ಧೆಯಿಂದ ವ್ಯವಹಾರದ ಶುದ್ಧಿಯನ್ನೂ ಪಾಲಿಸಿದರೆ, ಅದೂ ಭಗವಂತನ ಪೂಜೆಯೇ ಆಗುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.