ಬೆಟ್ಟ ಬಗೆಯುವ ಮುನ್ನ ಯಾರನ್ನು ಕೇಳಬೇಕು?

ಕೋಲಾರದ ಚಿನ್ನದ ಗಣಿಯಲ್ಲಿ ರಾಜಕೀಯ ಹುಟ್ಟಿದ್ದು ನೆಲದಡಿಯಲ್ಲಿ. ಒಂದೇ ಸುರಂಗಕ್ಕೆ ಇಳಿದು, ಒಂದೇ ಸಾಲಿನ ಮನೆಗಳಲ್ಲಿ ಬದುಕಿದವರು ಕೆಲಸದಿಂದಲೇ ಸಮುದಾಯವಾದರು. 1930ರ ಮುಷ್ಕರಕ್ಕೆ ಬಲ ಬಂದದ್ದು ಅಲ್ಲಿಂದ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯ ಕಬ್ಬಿಣ, ಮ್ಯಾಂಗನೀಸ್ ಬೆಟ್ಟಗಳಲ್ಲಿ ಹಾಗಾಗಲಿಲ್ಲ. ಬಗೆದದ್ದು ಯಂತ್ರ, ಹೊತ್ತದ್ದು ಲಾರಿ. ಇಲ್ಲಿ ಗಣಿಯ ವಿರುದ್ಧ ದನಿ ಎತ್ತಿದವರು ಗಣಿಯ ನೆರೆಯವರು: ತೆಂಗಿನ ಗರಿಯ ಮೇಲೆ ಕೆಂಧೂಳು ಕೂತದ್ದನ್ನು ಕಂಡವರು, ಕೊಳವೆಬಾವಿಯ ನೀರಿಗಾಗಿ ಹೆದರಿದವರು. ಅವರ ಬೇಡಿಕೆ ಕೂಲಿಯದಲ್ಲ. ಕೂಲಿ-ಬಂಡವಾಳದ ಸಿದ್ಧಾಂತವೊಂದರಿಂದಲೇ ಅವರ ಪ್ರಶ್ನೆಗೆ ಉತ್ತರ ಸಿಗದು. ನಮ್ಮನ್ನು ಯಾಕೆ ಕೇಳಲಿಲ್ಲ ಎಂಬುದೇ ಆ ಪ್ರಶ್ನೆ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಅದು ದೊಡ್ಡ ಉಪಕಾರ. 2013ರ ಏಪ್ರಿಲ್ 18ರ ತೀರ್ಪು ತೀವ್ರ ಅಕ್ರಮ ನಡೆದ ಗುತ್ತಿಗೆಗಳನ್ನು ರದ್ದು ಮಾಡಿ, ಉಳಿದವುಗಳಿಗೆ ಷರತ್ತು ಹಾಕಿ ದಾರಿ ಬಿಟ್ಟಿತು. ಅದೇ ದಿನ ಅದೇ ನ್ಯಾಯಾಲಯ ಒಡಿಶಾದ ನಿಯಮಗಿರಿ ಬೆಟ್ಟದ ಗಣಿಯ ವಿಷಯದಲ್ಲಿ, ಗ್ರಾಮಸಭೆಗಳನ್ನು ಕೇಳಿ ಎಂದಿತು. ಆ ವರ್ಷವೇ 12 ಗ್ರಾಮಸಭೆಗಳೂ ಗಣಿ ಬೇಡವೆಂದವು. ಬುಡಕಟ್ಟು ಜನರ ಅರಣ್ಯ ಹಕ್ಕು, ಬೆಟ್ಟವನ್ನೇ ದೇವರೆಂದು ಪೂಜಿಸುವ ಹಕ್ಕು ಅವರ ಬೆನ್ನಿಗಿತ್ತು. ತೆಂಗು ಬೆಳೆಗಾರರಿಗೆ ಅಂಥ ಕಾನೂನಿಲ್ಲ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಸಾರ್ವಜನಿಕ ಅಹವಾಲು ಸಭೆಯಲ್ಲಿ ಅವರು ಮಾತಾಡಬಹುದು, ಮಾತು ಕಡತ ಸೇರುತ್ತದೆ, ತೀರ್ಮಾನ ಬೇರೆಯವರದು.

ಈ ತಾರತಮ್ಯಕ್ಕೆ ತಾತ್ವಿಕ ಸಮರ್ಥನೆ ನನಗೆ ಕಾಣುವುದಿಲ್ಲ. ತೆಂಗಿನ ಸಸಿ ಫಲ ಕೊಡಲು ವರ್ಷಗಟ್ಟಲೆ ಕಾಯಬೇಕು. ಕೊಟ್ಟರೆ ಮೊಮ್ಮಕ್ಕಳ ಕಾಲದವರೆಗೂ ಕೊಡುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿಗಾಗಿ ಕಾಯಿ ವರ್ಷದ ಹತ್ತಿರ ಅಟ್ಟದ ಮೇಲಿರಬೇಕು. ಇದೂ ನೆಲದೊಂದಿಗಿನ ನಂಟೇ, ದುಡಿಮೆಯಿಂದ ಬೆಸೆದದ್ದು. ಗಣಿ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ಹೊಸ ಗಣಿ ಗುತ್ತಿಗೆ 50 ವರ್ಷದ್ದು. ಮೂರು ತಲೆಮಾರಿನ ತೋಟದ ಪಕ್ಕದಲ್ಲಿ ಎರಡು ತಲೆಮಾರಿನ ಗಣಿಗೆ ಒಪ್ಪಿಗೆ ಕೊಡುವಾಗ ತೋಟದವರ ಮಾತಿಗೆ ಬೆಲೆಯಿಲ್ಲವೆಂದರೆ ಅದು ಅನ್ಯಾಯ.

ಆದರೂ ತೆಂಗಿನ ಈ ಸೀಮೆಗಿರುವ "ಕಲ್ಪತರು ನಾಡು" ಎಂಬ ಹೆಮ್ಮೆಯ ಮೇಲೆಯೇ ಗಣಿಗೆ ಒಪ್ಪಿಗೆ ಕೊಡುವ ಹಕ್ಕನ್ನು ನಿಲ್ಲಿಸುವುದಕ್ಕೆ ನನ್ನ ಮನಸ್ಸು ಒಪ್ಪದು. ಆ ಹೆಮ್ಮೆ ಹೆಚ್ಚಾಗಿ ತೋಟ ಉಳ್ಳವರದು. ಕಾಯಿ ಕೀಳುವವರು, ಸುಲಿಯುವವರು, ಹಗ್ಗ ಹೊಸೆಯುವ ಹೆಂಗಸರು, ಗಣಿ ನಿಂತಾಗ ಕೆಲಸ ಕಳೆದುಕೊಂಡ ಲಾರಿ ಚಾಲಕರು ಕೂಡ ಅದೇ ಧೂಳು ಕುಡಿದವರು, ಅದೇ ನೀರು ನಂಬಿದವರು. ನಾಡಿನ ಹೆಸರಲ್ಲಿ ತೋಟದ ಯಜಮಾನನೊಬ್ಬನೇ ಮಾತಾಡಿದರೆ ಕೇಳದೆ ತೀರ್ಮಾನಿಸುವ ಚಾಳಿ ಊರೊಳಗೇ ಮುಂದುವರಿಯುತ್ತದೆ. ಗ್ರಾಮಸಭೆಯಲ್ಲಿ ಪಹಣಿ ಇಲ್ಲದವರಿಗೂ ಜಾಗವಿದೆ. ಹಕ್ಕಿನ ಆಧಾರ ಅಲ್ಲಿ ವಾಸ, ಆಸ್ತಿಯಲ್ಲ. ಅವರೆಲ್ಲ ಸೇರಿ ಗಣಿ ಬೇಕೆಂದರೂ ಬರಲಿ. ಬೇಡವೆಂದರೆ ಆ ಮಾತು ನಡೆಯಬೇಕು.

ಗಣಿ ಗುತ್ತಿಗೆದಾರರು ತುಂಬುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಿಂದ ರಸ್ತೆ, ಶಾಲೆ ಆಗಬಹುದು, ಆಗಲಿ. ಅದು ಒಪ್ಪಿಗೆಯ ಬದಲಿಗೆ ಕೊಡುವ ಬೆಲೆಯಾಗಬಾರದು. ಮುಂದಿನ ಯಾವುದೇ ಗಣಿ ಗುತ್ತಿಗೆಯ ಹರಾಜಿಗೆ ಮುಂಚೆ ಆ ಬೆಟ್ಟದ ಸುತ್ತಲಿನ ಗ್ರಾಮಸಭೆಗಳ ಒಪ್ಪಿಗೆ ಕಡ್ಡಾಯವೆಂದು ರಾಜ್ಯ ಸರ್ಕಾರ ಕಾನೂನು ಮಾಡಲಿ.