ಯಾರು ಲೆಕ್ಕ ಒಪ್ಪಿಸಬೇಕು?

ಒಬ್ಬ ಒಕ್ಕಲಿಗನು ತನ್ನ ಕಣಜದ ಬೀಗದ ಕೈಯನ್ನು ಆಳಿಗೆ ಒಪ್ಪಿಸಿ ಪರವೂರಿಗೆ ಹೋದನೆನ್ನೋಣ. ತಿರಿಗಿ ಬಂದಾಗ ಹತ್ತು ಮುಡಿ ಅಕ್ಕಿ ಕಡಿಮೆಯಾಗಿದ್ದರೆ ಅವನು ಆಳನ್ನು ಕರೆದು ಕೇಳುವನು. ಇದರಲ್ಲಿ ತೊಡಕೇನೂ ಇಲ್ಲ. ಆದರೆ ಕಣಜವು ಸರ್ವರದಾಗಿದ್ದು, ಬೀಗದ ಕೈಯು ಹತ್ತು ಮಂದಿಯ ಕೈ ದಾಟಿದ್ದರೆ ಯಾರನ್ನು ಕೇಳತಕ್ಕದ್ದು?

1956ರಲ್ಲಿ ನಮ್ಮ ದೇಶದ ಸರಕಾರವು 245 ವಿಮಾ ಸಂಸ್ಥೆಗಳನ್ನು ವಶಕ್ಕೆ ತೆಗೆದುಕೊಂಡು ಜೀವ ವಿಮಾ ನಿಗಮವನ್ನು ಸ್ಥಾಪಿಸಿತು. ಯಜಮಾನನು ಸತ್ತರೆ ಹೆಂಡತಿ ಮಕ್ಕಳು ಬೀದಿಪಾಲಾಗಬಾರದೆಂದು ಜನರು ಕೂಡಿಟ್ಟ ಹಣವೇ ಅದರ ಬಂಡವಾಳ. ಮರುವರುಷವೇ ಆ ಹಣದಿಂದ ಸುಮಾರು 1 ಕೋಟಿ 25 ಲಕ್ಷ ರೂಪಾಯಿ ತೆಗೆದು, ಹರಿದಾಸ ಮುಂಧ್ರಾ ಎಂಬ ವರ್ತಕನ ಆರು ಕಂಪೆನಿಗಳ ಷೇರುಗಳನ್ನು ಕೊಂಡುಕೊಳ್ಳಲಾಯಿತು. ಹಣ ಹೂಡುವ ವಿಷಯದಲ್ಲಿ ಆಲೋಚನೆ ಹೇಳಬೇಕಾದ ಸಮಿತಿಯನ್ನು ಮುಂಚಿತವಾಗಿ ಕೇಳಲೇ ಇಲ್ಲ.

ಆಳುವ ಪಕ್ಷದವರೂ ಪ್ರಧಾನಮಂತ್ರಿಯ ಅಳಿಯಂದಿರೂ ಆಗಿದ್ದ ಫಿರೋಜ್ ಗಾಂಧಿಯವರು 1957ರ ದಶಂಬರದಲ್ಲಿ ಲೋಕಸಭೆಯಲ್ಲಿ ಎದ್ದು ಇದನ್ನು ಪ್ರಶ್ನಿಸಿದರು. ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಛಾಗಲಾರವರು ಜನರೆದುರಿಗೇ ವಿಚಾರಣೆ ನಡಿಸಿದರು. ಆಗ ಕೇಳಿಬಂದ ಮಾತುಗಳನ್ನು ಗಮನಿಸಿರಿ. ನಿಗಮದ ಅಧಿಕಾರಿಗಳು, ಕಾರ್ಯದರ್ಶಿಯ ಸೂಚನೆಯಂತೆ ನಡೆದೆವು ಅಂದರು. ಕಾರ್ಯದರ್ಶಿಯು, ಮಂತ್ರಿಗಳಿಗೆ ತಿಳಿದೇ ಮಾಡಿದೆನು ಅಂದನು. ಹಣಕಾಸಿನ ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು, ನಾನು ಅಪ್ಪಣೆ ಕೊಡಲಿಲ್ಲ ಅಂದರು. ಹೊಣೆಯು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಉರುಳಿತೇ ಹೊರತು ಎಲ್ಲಿಯೂ ನಿಲ್ಲಲಿಲ್ಲ! ಕಾರ್ಯದರ್ಶಿಯ ಕೃತ್ಯಕ್ಕೆ ಮಂತ್ರಿಯೇ ಉತ್ತರವಾದಿ ಎಂದು ಛಾಗಲಾರವರು ತೀರ್ಮಾನಿಸಿದರು. 1958ರ ಫೆಬ್ರವರಿಯಲ್ಲಿ ಮಂತ್ರಿಗಳು ಪದವಿಯನ್ನು ಬಿಟ್ಟರು.

ಇದು ಅನ್ಯಾಯವಲ್ಲವೋ ಎಂದು ಕೆಲವರು ಕೇಳಾರು. ತಾನು ಮಾಡದ ತಪ್ಪಿಗೆ ಒಬ್ಬನು ಯಾಕೆ ತಲೆಬಾಗಬೇಕು? ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ ಎಂದು ನನಗೆ ತೋಚುತ್ತದೆ. ತಪ್ಪಿತಸ್ಥನು ಯಾರು ಎಂಬದು ಒಂದು. ಉತ್ತರ ಕೊಡುವ ಹಂಗು ಯಾರದು ಎಂಬದು ಇನ್ನೊಂದು. 1956ರ ನವಂಬರದಲ್ಲಿ ತಮಿಳು ಸೀಮೆಯ ಅರಿಯಲೂರಿನ ಬಳಿ ನೆರೆಗೆ ಸೇತುವೆ ಕೆಟ್ಟು, ರೈಲು ಹೊಳೆಗೆ ಬಿದ್ದು, ನೂರಕ್ಕೆ ಮಿಕ್ಕಿದ ಜನರು ಸತ್ತರು. ಸೇತುವೆಯನ್ನು ಕೆಡವಿದವರು ರೈಲ್ವೆ ಮಂತ್ರಿ ಲಾಲ್ ಬಹಾದುರ ಶಾಸ್ತ್ರಿಗಳಲ್ಲ. ಆದಾಗ್ಯೂ ಅವರು ರಾಜೀನಾಮೆ ಕೊಟ್ಟರು. ಅವರನ್ನು ಕಳ್ಳರೆಂದಾಗಲಿ ಮೈಗಳ್ಳರೆಂದಾಗಲಿ ಯಾರೂ ಎಣಿಸಲಿಲ್ಲ.

ಆದರೆ ದೊಡ್ಡವನು ಇಳಿದುಹೋದ ಮಾತ್ರಕ್ಕೆ ಲೆಕ್ಕ ತೀರಿತೆನ್ನಕೂಡದು. ರಾಜೀನಾಮೆಯೇ ಕೆಲವು ಸಾರಿ ಉತ್ತರ ಹೇಳದೆ ತಪ್ಪಿಸಿಕೊಳ್ಳುವ ಹಿತ್ತಲ ಬಾಗಿಲಾಗುವದುಂಟು. ಮೇಲಿನವರ ಅಪ್ಪಣೆಯಾಗಿತ್ತು ಎಂದು ಸುಮ್ಮಗೆ ರುಜು ಹಾಕಿದ ಗುಮಾಸ್ತನ ಸಂಗತಿ ಏನು? ವಿಧವೆಯರ ಹಣವೆಂದು ಬಲ್ಲವನು ಒಂದು ಸಾಲಿನ ಆಕ್ಷೇಪಣೆಯನ್ನಾದರೂ ಬರೆದಿಡಬಹುದಾಗಿತ್ತು.

ಸಣ್ಣ ಕಛೇರಿಗಳಿಗೂ ಈಗ ಕಟ್ಟಳೆಯುಂಟು. 2011ರ ಕರ್ನಾಟಕದ ಸಕಾಲ ಕಾನೂನಿನ ಪ್ರಕಾರ ಗೊತ್ತುಮಾಡಿದ ದಿವಸದೊಳಗೆ ಕೆಲಸವಾಗದಿದ್ದರೆ ಅರ್ಜಿದಾರನು ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯ ವರೆಗೆ ಪರಿಹಾರ ಕೇಳಬಹುದು. ಇಷ್ಟು ಅಲ್ಪ ಹಣವೇ ಎಂದು ನಗುವವರಿದ್ದಾರೆ. ಅದು ಸರಕಾರದ ಬೊಕ್ಕಸದಿಂದಲ್ಲ, ತಡಮಾಡಿದ ಅಧಿಕಾರಿಯಿಂದಲೇ ವಸೂಲಾಗತಕ್ಕದ್ದು ಎಂಬದನ್ನು ಅವರು ಓದಿರಲಿಕ್ಕಿಲ್ಲ.